ಮೈಲಿ ಎಂದರೆ ಎಷ್ಟು ದೂರ?

ಮೈಲಿ ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಇಂಗ್ಲಿಷಿನ ಒಂದಕ್ಷರವನ್ನೂ ಕಲಿಯದ ಹಳ್ಳಿಯ ಅಜ್ಜಿಯೂ ದಾರಿ ಕೇಳಿದವರಿಗೆ "ಇನ್ನು ಎರಡು ಮೈಲಿ ನಡೆದರೆ ಊರು ಸಿಕ್ಕುತ್ತದಪ್ಪ" ಎಂದು ಹೇಳಬಲ್ಲಳು. ರಸ್ತೆ, ಅಂಚೆ, ರೈಲುಗಳ ಜೊತೆಯಲ್ಲಿ ನಮ್ಮ ನಾಡಿನೊಳಕ್ಕೆ ಬಂದ ಈ ಪದ, ಹೊರಗಿನಿಂದ ಬಂದ ಸೊಸೆ ಕ್ರಮೇಣ ಮನೆಯವಳೇ ಆಗಿಬಿಡುವಂತೆ, ಕೆಲವೇ ತಲೆಮಾರುಗಳಲ್ಲಿ ಕನ್ನಡದ್ದೇ ಆಗಿಹೋಯಿತು. ಮೈಲಿಗಲ್ಲು, ಮೈಲುದ್ದ, ಮೈಲಿಗಟ್ಟಲೆ ಎಂಬ ಮಾತುಗಳು ಹುಟ್ಟಿಕೊಂಡವು. ಕನ್ನಡದಲ್ಲಿ ಮೊದಲೇ ಇನ್ನೊಂದು ಮೈಲಿ ಇತ್ತೆಂಬುದನ್ನು ಹಿರಿಯರು ಬಲ್ಲರು. ಅದು ಸಿಡುಬಿನ ಹೆಸರು. ಆ ಮೈಲಿ ಬೇನೆಗೂ ಈ ದಾರಿಯ ಮೈಲಿಗೂ ಯಾವ ನಂಟೂ ಇಲ್ಲ. ಬೇನೆಯೇನೋ ಭೂಮಿಯಿಂದಲೇ ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ದಾರಿಯ ಮೈಲಿ ಮಾತ್ರ ಕಾನೂನು ಕೈಬಿಟ್ಟ ಮೇಲೂ ನಮ್ಮ ನಾಲಗೆಯನ್ನು ಬಿಟ್ಟಿಲ್ಲ.

ಹೆದ್ದಾರಿಯ ಪಕ್ಕದಲ್ಲಿ ನಿಂತಿರುವ ಹಳದಿ ತಲೆಯ ಕಲ್ಲುಗಳ ಮೇಲೆ ಇಂದು ಕೆತ್ತಿರುವುದು ಕಿಲೋಮೀಟರುಗಳ ಲೆಕ್ಕ. ಆದರೂ ಅದನ್ನು ನಾವು ಕರೆಯುವುದು ಮೈಲಿಗಲ್ಲೆಂದೇ. ವಾಹನ ಕೊಳ್ಳುವವರು ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆಂದು ತಿಳಿಯಬೇಕಾದಾಗಲೂ "ಮೈಲೇಜ್ ಎಷ್ಟು?" ಎಂದೇ ಕೇಳುತ್ತಾರೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಎಂಟನೆಯ ಮೈಲಿ ಎಂಬ ಬಸ್ ನಿಲ್ದಾಣವೇ ಇದೆ. ಒಂದು ಕಾಲದಲ್ಲಿ ಊರಾಚೆಯ ಗುರುತಾಗಿದ್ದ ಆ ಸ್ಥಳವನ್ನು ನಗರ ನುಂಗಿ ಎಷ್ಟೋ ಮುಂದಕ್ಕೆ ಹೋಗಿದೆ. ಎಣಿಕೆ ಎಲ್ಲಿಂದ ಆರಂಭವಾಯಿತೆಂದು ಅಲ್ಲಿ ಬಸ್ಸು ಹತ್ತುವವರಲ್ಲಿ ಯಾರೂ ಯೋಚಿಸುವುದಿಲ್ಲ. ಹೆಸರು ಮಾತ್ರ ನಿಂತಿದೆ.

ಇಷ್ಟು ಬಳಕೆಯ ಮಾತಿನ ವಿಷಯದಲ್ಲಿ ಒಂದು ಸರಳವಾದ ಪ್ರಶ್ನೆ ಹಾಕೋಣ. ಮೈಲಿ ಎಂದರೆ ಎಷ್ಟು ದೂರ? ಹಳೆಯ ಪಾಠಶಾಲೆಯಲ್ಲಿ ಓದಿದವರು ಒಡನೆಯೇ ಬಾಯಿಪಾಠ ಒಪ್ಪಿಸಿಯಾರು: ಹನ್ನೆರಡು ಅಂಗುಲಕ್ಕೆ ಒಂದು ಅಡಿ, ಮೂರು ಅಡಿಗೆ ಒಂದು ಗಜ, 220 ಗಜಕ್ಕೆ ಒಂದು ಫರ್ಲಾಂಗು, ಎಂಟು ಫರ್ಲಾಂಗಿಗೆ ಒಂದು ಮೈಲಿ. ಉತ್ತರ ಸರಿಯೇ. ಆದರೆ ಅದು ಹಲವು ಉತ್ತರಗಳಲ್ಲಿ ಒಂದು. ಹೆಸರು ಒಂದೇ ಆಗಿ ಅಳತೆ ಬೇರೆಯಾದಾಗ ಏನೇನು ನಡೆದೀತೆಂಬುದಕ್ಕೆ ಈ ಪದದ ಚರಿತ್ರೆಯಷ್ಟು ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ರೋಮಿನ ಸಿಪಾಯಿಯ ಹೆಜ್ಜೆ

ಮೈಲಿಯ ತವರು ಇಂಗ್ಲೆಂಡಲ್ಲ, ರೋಮ್. ಲ್ಯಾಟಿನ್ ಭಾಷೆಯಲ್ಲಿ 'ಮಿಲ್ಲೆ' ಎಂದರೆ ಸಾವಿರ. 'ಪಾಸುಸ್' ಎಂದರೆ ಹೆಜ್ಜೆ. 'ಮಿಲ್ಲೆ ಪಾಸುಸ್', ಅಂದರೆ ಸಾವಿರ ಹೆಜ್ಜೆ. ರೋಮನರು ಹೆಜ್ಜೆಯೆಂದು ಎಣಿಸುತ್ತಿದ್ದುದು ನಾವು ಎಣಿಸುವಂತಲ್ಲ. ಎಡಗಾಲು ನೆಲವನ್ನು ಬಿಟ್ಟ ಜಾಗದಿಂದ ಅದೇ ಎಡಗಾಲು ಮತ್ತೆ ನೆಲ ಮುಟ್ಟುವ ಜಾಗದವರೆಗೆ ಅವರ ಲೆಕ್ಕದಲ್ಲಿ ಒಂದು ಹೆಜ್ಜೆ. ನಮ್ಮ ಲೆಕ್ಕದಲ್ಲಿ ಅದು ಎರಡು. ಅಂಥ ಒಂದು ಹೆಜ್ಜೆಗೆ ಐದು ರೋಮನ್ ಅಡಿ. ಸಾವಿರ ಹೆಜ್ಜೆಗೆ ಐದು ಸಾವಿರ ಅಡಿ. ರೋಮಿನ ಅಡಿ ಇಂದಿನ ಅಡಿಗಿಂತ ತುಸು ಚಿಕ್ಕದಾದ್ದರಿಂದ ಆ ಮೈಲಿ ಇಂದಿನ ಅಳತೆಯಲ್ಲಿ ಸುಮಾರು 1,480 ಮೀಟರು.

ರಾಜ್ಯವನ್ನು ಗೆಲ್ಲುವುದು ಒಂದು, ಗೆದ್ದ ರಾಜ್ಯವನ್ನು ಆಳುವುದು ಇನ್ನೊಂದು. ದಂಡು ಎಷ್ಟು ದಿನಕ್ಕೆ ಎಲ್ಲಿಗೆ ತಲಪೀತು, ಓಲೆಯವನು ಎಂದಿಗೆ ಹಿಂದಿರುಗಿಯಾನು, ಧಾನ್ಯದ ಬಂಡಿ ಎಲ್ಲಿ ತಂಗಬೇಕು ಎಂಬುದೆಲ್ಲವೂ ದೂರದ ತಿಳಿವಳಿಕೆಯನ್ನೇ ಅವಲಂಬಿಸಿತ್ತು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಗಾಯಸ್ ಗ್ರಾಕಸ್ ಎಂಬ ಜನನಾಯಕ ಇಟಲಿಯ ರಸ್ತೆಗಳನ್ನು ಮೈಲಿಗಳಲ್ಲಿ ಅಳೆಯಿಸಿ ಕಲ್ಲಿನ ಕಂಬಗಳನ್ನು ನೆಡಿಸಿದನೆಂದು ಚರಿತ್ರಕಾರ ಪ್ಲುಟಾರ್ಕ್ ಬರೆದಿದ್ದಾನೆ. ಆ ಕಂಬಗಳ ನಡುನಡುವೆ ರಸ್ತೆಯ ಎರಡು ಪಕ್ಕಗಳಲ್ಲಿಯೂ ಇನ್ನಷ್ಟು ಕಲ್ಲುಗಳನ್ನು ಆತ ಇಡಿಸಿದನಂತೆ. ಏಕೆಂದು ಬಲ್ಲಿರಾ? ಅಂದಿನ ಸವಾರರಿಗೆ ರಿಕಾಪು ತಿಳಿಯದು. ಕುದುರೆ ಹತ್ತಲು ಆಸರೆಯ ಕಲ್ಲು ಬೇಕಾಗಿತ್ತು. ಕ್ರಿ.ಪೂ. 20ರಲ್ಲಿ ಸಮ್ರಾಟ ಆಗಸ್ಟಸ್ ರೋಮ್ ನಗರದ ನಡುಚೌಕದಲ್ಲಿ 'ಚಿನ್ನದ ಮೈಲಿಗಲ್ಲ'ನ್ನು ನಿಲ್ಲಿಸಿದ. ದಾರಿಗಳೆಲ್ಲವೂ ರೋಮಿಗೇ ಸೇರುತ್ತವೆ ಎಂಬ ಹೆಮ್ಮೆಗೆ ಅದೊಂದು ಕುರುಹು.

ಉದ್ದನೆಯ ರಸ್ತೆಯನ್ನು ಪ್ರತಿಸಲವೂ ಹೆಜ್ಜೆ ಎಣಿಸಿ ಅಳೆಯಲಾದೀತೆ? ಅದೇ ಆಗಸ್ಟಸನ ಕಾಲದ ಶಿಲ್ಪಶಾಸ್ತ್ರಜ್ಞ ವಿಟ್ರೂವಿಯಸ್ ತನ್ನ ಗ್ರಂಥದಲ್ಲಿ ಒಂದು ಸೊಗಸಾದ ಯಂತ್ರವನ್ನು ವರ್ಣಿಸಿದ್ದಾನೆ. ಬಂಡಿಯ ಚಕ್ರ ಒಂದು ಸುತ್ತು ಸುತ್ತಿದರೆ ಹನ್ನೆರಡೂವರೆ ಅಡಿ. ನಾನೂರು ಸುತ್ತಿಗೆ ಐದು ಸಾವಿರ ಅಡಿ, ಅಂದರೆ ಸರಿಯಾಗಿ ಒಂದು ಮೈಲಿ. ಚಕ್ರಕ್ಕೆ ಹಲ್ಲಿನ ಗಾಲಿಗಳನ್ನು ಜೋಡಿಸಿ, ನಾನೂರು ಸುತ್ತು ಮುಗಿದೊಡನೆ ಒಂದು ಕಲ್ಲಿನ ಗುಂಡು ಕಂಚಿನ ಪಾತ್ರೆಗೆ ಠಣ್ಣೆಂದು ಬೀಳುವಂತೆ ಮಾಡಬೇಕು. ಸಂಜೆ ಪಾತ್ರೆಯಲ್ಲಿರುವ ಗುಂಡುಗಳನ್ನು ಎಣಿಸಿದರೆ ಅಂದಿನ ಪ್ರಯಾಣದ ಮೈಲಿಗಳು ತಿಳಿದುವು! ಇಂದಿನ ಆಟೋರಿಕ್ಷಾ ಮೀಟರಿನ ಮುತ್ತಜ್ಜ ಇದೇ ಎನ್ನಬಹುದು.

ರೋಮ್ ಸಾಮ್ರಾಜ್ಯದ ವರ್ತಕರ, ಸಿಪಾಯಿಗಳ ಬಾಯಿಂದ 'ಮಿಲಿಯಾ', ಅಂದರೆ 'ಸಾವಿರಗಳು', ಎಂಬ ಬಹುವಚನ ರೂಪ ಉತ್ತರದ ಜರ್ಮಾನಿಕ್ ಜನರ ಭಾಷೆಗಳಿಗೆ ಸೇರಿತು. ಅದೇ ಹಳೆಯ ಇಂಗ್ಲಿಷಿನಲ್ಲಿ 'ಮೀಲ್' ಆಗಿ, ಮುಂದೆ 'ಮೈಲ್' ಆಯಿತು, ಜರ್ಮನಿಯಲ್ಲಿ 'ಮೈಲೆ'ಯಾಯಿತು. ದಾರಿಯಲ್ಲಿ ಹೆಜ್ಜೆ ಎಂಬ ಅರ್ಥದ ಮಾತು ಕಳಚಿ ಬಿತ್ತು. ಸಾವಿರ ಎಂಬುದಷ್ಟೇ ಉಳಿಯಿತು. ಕಾಲಕ್ರಮದಲ್ಲಿ ಅದರ ಅರ್ಥವೂ ಮರೆತುಹೋಗಿ, ಯಾವುದರ ಸಾವಿರ ಎಂದು ಕೇಳುವವರಿಲ್ಲದಂತಾಯಿತು. ಅಲ್ಲಿಂದಲೇ ತೊಡಕು ಆರಂಭವಾಯಿತು.

ಉಳುವ ಎತ್ತಿಗೆ ಸೋತ ಸಾವಿರ

ಇಂಗ್ಲೆಂಡಿನ ರೈತನಿಗೆ ರೋಮನರ ಹೆಜ್ಜೆಯಿಂದ ಆಗಬೇಕಾದುದೇನೂ ಇರಲಿಲ್ಲ. ಅವನಿಗೆ ಬೇಕಾದುದು ಹೊಲದ ಅಳತೆ. ಎತ್ತುಗಳು ನೇಗಿಲನ್ನೆಳೆದು ಒಂದೇ ಸಮನೆ ಸಾಗುವ ಉದ್ದಕ್ಕೆ ಅವನು 'ಫರ್ಲಾಂಗ್' ಎಂದು ಹೆಸರಿಟ್ಟಿದ್ದ. 'ಫರೋ' ಎಂದರೆ ನೇಗಿಲ ಸಾಲು. 'ಲಾಂಗ್' ಎಂದರೆ ಉದ್ದ. ಸಾಲುದ್ದವೇ ಫರ್ಲಾಂಗು! ನಮ್ಮ ಹಳ್ಳಿಗಾಡಿನಲ್ಲಿ ಇಂದಿಗೂ "ಎರಡು ಫರ್ಲಾಂಗು ಅಷ್ಟೆ" ಎನ್ನುವವರು ತಮಗೆ ತಿಳಿಯದೆಯೇ ಯಾವುದೋ ದೂರದ ನಾಡಿನ ಉಳುಮೆಯ ಮಾತನ್ನು ಆಡುತ್ತಿರುತ್ತಾರೆ. ಈ ಫರ್ಲಾಂಗಿನ ಉದ್ದ 660 ಅಡಿ. ಎಕರೆಯ ಲೆಕ್ಕ, ಕಂದಾಯದ ಲೆಕ್ಕ, ಜಮೀನಿನ ಪತ್ರ ಎಲ್ಲವೂ ಇದರ ಮೇಲೆಯೇ ನಿಂತಿದ್ದುವು.

ಇತ್ತ ಓದುಬಲ್ಲವರು ರೋಮನರ ಪುಸ್ತಕಗಳಲ್ಲಿ ಎಂಟು 'ಸ್ಟೇಡಿಯಂ'ಗಳಿಗೆ ಒಂದು ಮೈಲಿ ಎಂದು ಓದಿದ್ದರು. ಸ್ಟೇಡಿಯಂ ಎಂಬುದನ್ನು ಅವರು ಫರ್ಲಾಂಗ್ ಎಂದೇ ತಮ್ಮ ಭಾಷೆಯಲ್ಲಿ ಬರೆದುಕೊಂಡರು. ಆದುದರಿಂದ ಎಂಟು ಫರ್ಲಾಂಗಿಗೆ ಒಂದು ಮೈಲಿ ಎಂದಾಯಿತು. ಈಗ ಲೆಕ್ಕ ಹಾಕಿ ನೋಡಿ. ರೋಮನರ ಸ್ಟೇಡಿಯಂ 625 ಅಡಿ. ಎಂಟರಿಂದ ಗುಣಿಸಿದರೆ ಐದು ಸಾವಿರ. ಇಂಗ್ಲಿಷರ ಫರ್ಲಾಂಗ್ 660 ಅಡಿ. ಎಂಟರಿಂದ ಗುಣಿಸಿದರೆ 5,280. ಎರಡರಲ್ಲಿ ಒಂದು ಬಗ್ಗಲೇಬೇಕು. ಫರ್ಲಾಂಗನ್ನು ಕುಗ್ಗಿಸಿದರೆ ನಾಡಿನ ಪ್ರತಿಯೊಬ್ಬ ರೈತನ ಹೊಲದ ಲೆಕ್ಕವೂ ಕೆಡುತ್ತದೆ. ಮೈಲಿಯನ್ನು ಹಿಗ್ಗಿಸಿದರೆ ದಾರಿಹೋಕನೊಬ್ಬ ನಾಲ್ಕು ಹೆಜ್ಜೆ ಹೆಚ್ಚು ನಡೆದಾನು, ಅಷ್ಟೆ. ಹೊಲ ಗೆದ್ದಿತು, ಹೆಜ್ಜೆ ಸೋತಿತು.

ಇದಕ್ಕೆ ಶಾಸನದ ಮುದ್ರೆ ಬಿದ್ದುದು 1593ರಲ್ಲಿ, ಒಂದನೆಯ ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ. ಆ ಶಾಸನ ಅಳತೆಗಾಗಿ ಹುಟ್ಟಿದುದಲ್ಲವೆಂಬುದೇ ಸ್ವಾರಸ್ಯ. ಲಂಡನ್ ನಗರದಲ್ಲಿ ಜನಸಂದಣಿ ಮಿತಿಮೀರಿತ್ತು. ಇದ್ದ ಮನೆಗಳನ್ನೇ ಸೀಳಿ ಹಲವು ಸಂಸಾರಗಳಿಗೆ ಬಾಡಿಗೆಗೆ ಕೊಡುತ್ತಿದ್ದರು; ಊರ ಬಾಗಿಲುಗಳಾಚೆ ಹೊಸ ಮನೆಗಳು ಏಳುತ್ತಿದ್ದುವು. ನಗರದ ಬಾಗಿಲುಗಳಿಂದ ಮೂರು ಮೈಲಿಯೊಳಗೆ ಹೊಸ ಮನೆ ಕಟ್ಟುವುದಕ್ಕೆ ಪಾರ್ಲಿಮೆಂಟು ಕಡಿವಾಣ ಹಾಕಿತು. ಮೂರು ಮೈಲಿ ಎಂದರೆ ಎಲ್ಲಿಯವರೆಗೆ? ಗೆರೆಯ ಅಂಚಿನಲ್ಲಿ ಮನೆ ಕಟ್ಟಿದವನು ನ್ಯಾಯಸ್ಥಾನಕ್ಕೆ ಹೋಗಿ ವಾದಿಸಿದರೆ ಉತ್ತರ ಬೇಕಲ್ಲ! ಆದುದರಿಂದ ಮೈಲಿಗೆ ಎಂಟು ಫರ್ಲಾಂಗು, ಫರ್ಲಾಂಗಿಗೆ ನಲವತ್ತು ಕೋಲು, ಕೋಲಿಗೆ ಹದಿನಾರೂವರೆ ಅಡಿ ಎಂದು ಆ ಶಾಸನದಲ್ಲಿಯೇ ಬರೆದುಬಿಟ್ಟರು. ಮನೆ ಕಟ್ಟುವವರನ್ನು ತಡೆಯಹೊರಟ ಕಾನೂನು ಲಂಡನ್ನಿನ ಬೆಳವಣಿಗೆಯನ್ನು ತಡೆಯಲಿಲ್ಲ. ಆದರೆ ಅದರ ಮೈಲಿ ಪ್ರಪಂಚವನ್ನೆಲ್ಲ ಸುತ್ತಿ ಬಂದಿತು.

ನಾಡಿಗೊಂದು ಮೈಲಿ

ಇಂಗ್ಲೆಂಡು ಹೀಗೆ ಒಂದು ತೀರ್ಮಾನಕ್ಕೆ ಬಂದಿತೆಂದರೆ ನೆರೆಹೊರೆಯವರು ಒಪ್ಪಬೇಕೆಂದೇನಿದೆ? ಸ್ಕಾಟ್ಲೆಂಡಿನ ಮೈಲಿ ಸುಮಾರು 1,800 ಮೀಟರು. ಐರ್ಲೆಂಡಿನ ಮೈಲಿ 6,720 ಅಡಿ, ಅಂದರೆ ಎರಡು ಕಿಲೋಮೀಟರಿಗೂ ತುಸು ಹೆಚ್ಚು. ಅಲ್ಲಿ ಅಳೆಯುವ ಕೋಲೇ ಇಂಗ್ಲಿಷ್ ಕೋಲಿಗಿಂತ ನಾಲ್ಕೂವರೆ ಅಡಿ ಉದ್ದ. ಜರ್ಮನಿಯಲ್ಲಂತೂ ಮೈಲಿ ಎಂದರೆ ಸುಮಾರು ಏಳೂವರೆ ಕಿಲೋಮೀಟರು. ನಮ್ಮ ಬಾಯಿಪಾಠದ ಮೈಲಿಗಳು ನಾಲ್ಕೂವರೆಗಿಂತ ಹೆಚ್ಚು ಅದರಲ್ಲಿ ಅಡಗುತ್ತವೆ. ಸ್ವೀಡನ್ನಿನಲ್ಲಿ ಅದು ಹತ್ತು ಕಿಲೋಮೀಟರನ್ನೂ ಮೀರಿತ್ತು. ಅಲ್ಲಿನವರು ಮೆಟ್ರಿಕ್ ಪದ್ಧತಿಗೆ ಬಂದಾಗ 'ಮಿಲ್' ಎಂಬ ಹೆಸರನ್ನು ಬಿಡಲಾರದೆ ಅದನ್ನೇ ಸರಿಯಾಗಿ ಹತ್ತು ಕಿಲೋಮೀಟರಿಗೆ ಸವರಿ ಇಟ್ಟುಕೊಂಡರು. ಇಂದಿಗೂ ಸ್ವೀಡನ್, ನಾರ್ವೆಗಳಲ್ಲಿ "ಇನ್ನು ಎರಡೇ ಮಿಲ್" ಎಂದು ಯಾರಾದರೂ ಹೇಳಿದರೆ ನಡೆದುಹೋಗುವ ಸಾಹಸ ಮಾಡಬಾರದು, ಇಪ್ಪತ್ತು ಕಿಲೋಮೀಟರಾಗುತ್ತದೆ!

ಇದನ್ನು ಓದಿ ನಕ್ಕುಬಿಡಬಹುದು. ಆದರೆ ಮೈಲಿಯ ಈ ಬಹುರೂಪ ಒಮ್ಮೆ ಪ್ರಪಂಚದ ಚರಿತ್ರೆಯನ್ನೇ ತಿರುಗಿಸಿತು.

ಒಂಬತ್ತನೆಯ ಶತಮಾನದ ಆದಿಭಾಗದಲ್ಲಿ ಬಾಗ್ದಾದಿನ ಖಲೀಫ ಅಲ್ ಮಾಮೂನ್ ತನ್ನ ಜ್ಯೋತಿರ್ವಿದರನ್ನು ಬಯಲು ಸೀಮೆಗೆ ಕಳುಹಿಸಿ ಭೂಮಿಯ ಒಂದು ಡಿಗ್ರಿಯ ಉದ್ದವನ್ನು ಅಳೆಯಿಸಿದ. ಅಲ್ ಫರ್ಘಾನಿ ಎಂಬ ವಿದ್ವಾಂಸ ಆ ಅಳತೆಯನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟ: ಒಂದು ಡಿಗ್ರಿಗೆ ಐವತ್ತಾರು ಮತ್ತು ಮೂರರಲ್ಲಿ ಎರಡು ಭಾಗ ಮೈಲಿ. ಅರಬರ ಮೈಲಿ ಎರಡು ಕಿಲೋಮೀಟರಿಗೆ ಸಮೀಪವಾದದ್ದು. ಆ ಲೆಕ್ಕದಂತೆ ಗುಣಿಸಿದರೆ ಇಂದಿನ ವಿಜ್ಞಾನಿಗಳು ಕಂಡುಕೊಂಡಿರುವ 111 ಕಿಲೋಮೀಟರಿಗೆ ಬಹು ಹತ್ತಿರ ಬರುತ್ತದೆ. ಈ ಗ್ರಂಥ ಲ್ಯಾಟಿನ್ ಭಾಷೆಗೆ ಅನುವಾದವಾಗಿ ಯೂರೋಪಿನಲ್ಲಿ ಹರಡಿತು. ಅಂಕಿ ಹೋಯಿತು, ಮೈಲಿ ಎಂಬ ಮಾತೂ ಹೋಯಿತು. ಯಾರ ಮೈಲಿ ಎಂಬುದು ಮಾತ್ರ ಹೋಗಲಿಲ್ಲ.

ಆರುನೂರು ವರ್ಷಗಳ ಅನಂತರ ಆ ಅಂಕಿ ಕೊಲಂಬಸನ ಕಣ್ಣಿಗೆ ಬಿತ್ತು. ಅವನು ಇಟಲಿಯವನು, ಮೈಲಿ ಎಂದೊಡನೆ ಅವನ ಮನಸ್ಸಿಗೆ ಬಂದುದು ರೋಮನರ ಚಿಕ್ಕ ಮೈಲಿ. ಆ ಲೆಕ್ಕದಿಂದ ಒಂದು ಡಿಗ್ರಿಗೆ 84 ಕಿಲೋಮೀಟರಷ್ಟೇ ಆಗುತ್ತದೆ. ಇಡೀ ಭೂಮಿ ಇರುವುದಕ್ಕಿಂತ ಕಾಲುಭಾಗ ಕಿರಿದಾಗಿಬಿಡುತ್ತದೆ. ಏಷ್ಯಾ ಖಂಡ ಪೂರ್ವಕ್ಕೆ ಬಹುದೂರ ಚಾಚಿಕೊಂಡಿದೆ ಎಂಬ ಇನ್ನೊಂದು ತಪ್ಪು ಎಣಿಕೆಯೂ ಇದಕ್ಕೆ ಸೇರಿಕೊಂಡಿತು. ಪಶ್ಚಿಮಕ್ಕೆ ಹಾಯಿ ಬಿಚ್ಚಿದರೆ ಜಪಾನ್ ಸಮೀಪದಲ್ಲಿಯೇ ಸಿಕ್ಕುತ್ತದೆಂದು ಅವನು ನಂಬಿದ. ನಿಜವಾದ ದೂರ ಅವನ ಲೆಕ್ಕದ ನಾಲ್ಕು ಪಟ್ಟಿಗೂ ಹೆಚ್ಚು. ಸ್ಪೇನಿನ ರಾಜಸಭೆಯ ವಿದ್ವಾಂಸರು ಈ ಯೋಜನೆಯನ್ನು ಆಕ್ಷೇಪಿಸಿದುದು ಭೂಮಿ ಚಪ್ಪಟೆಯೆಂಬ ಮೌಢ್ಯದಿಂದಲ್ಲ. ಅವನ ಲೆಕ್ಕ ತಪ್ಪೆಂದು ಅವರಿಗೆ ತೋರಿದುದರಿಂದ. ಅವರ ಮಾತೇ ಸರಿಯಾಗಿತ್ತು. 1492ರಲ್ಲಿ ಮೂರು ಹಡಗುಗಳಲ್ಲಿ ಹೊರಟವರ ಅನ್ನ ನೀರು ಜಪಾನಿನವರೆಗೆ ಸಾಲುವಂತಿರಲಿಲ್ಲ. ನಡುವೆ ಯಾರೂ ಎಣಿಸದಿದ್ದ ಖಂಡವೊಂದು ಅಡ್ಡಬಂದಿತು. ಇಲ್ಲವಾದರೆ ಆ ನಾವಿಕರು ಕಡಲಿನ ಪಾಲಾಗುತ್ತಿದ್ದರು. ಆ ನಾಡುಗಳ ಮೂಲನಿವಾಸಿಗಳ ಪಾಲಿಗೆ ಆ ಪ್ರಯಾಣ ಎಂಥ ಕೇಡಾಯಿತೆಂಬುದನ್ನು ಚರಿತ್ರೆ ಬಲ್ಲವರಿಗೆ ಹೇಳಬೇಕಾದುದಿಲ್ಲ.

ಕಡಲಿನ ಮೈಲಿ

ನೆಲದ ಮೇಲೆ ಹೆಜ್ಜೆಯಿಡಬಹುದು, ಸಾಲು ಹೊಡೆಯಬಹುದು. ಸಮುದ್ರದ ಮೇಲೆ ಏನು ಮಾಡುವುದು? ಅಲ್ಲಿ ನಾವಿಕನಿಗೆ ಇದ್ದ ಆಧಾರ ಆಕಾಶ. ಧ್ರುವನಕ್ಷತ್ರದ ಎತ್ತರವನ್ನು ನೋಡಿ ಅವನು ತಾನಿರುವ ಅಕ್ಷಾಂಶವನ್ನು ತಿಳಿಯುತ್ತಿದ್ದ. ಆದುದರಿಂದ ಅಕ್ಷಾಂಶದ ಒಂದು ಡಿಗ್ರಿಯನ್ನು ಅರುವತ್ತು ಭಾಗ ಮಾಡಿ, ಒಂದೊಂದು ಭಾಗವನ್ನೂ ಒಂದು ಮೈಲಿ ಎಂದು ಕರೆದ. ಇದೇ ನಾಟಿಕಲ್ ಮೈಲಿ. ಭೂಮಿ ಪೂರ್ಣಗೋಲವಲ್ಲದ್ದರಿಂದ ಈ ಭಾಗ ಭೂಮಧ್ಯರೇಖೆಯ ಬಳಿ ಸುಮಾರು 1,843 ಮೀಟರು, ಧ್ರುವಗಳ ಬಳಿ ಸುಮಾರು 1,862 ಮೀಟರು ಆಗುತ್ತದೆ. 1929ರಲ್ಲಿ ಮೊನಾಕೊದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಈ ತಕರಾರಿಗೆ ತೆರೆಯೆಳೆದು ಸರಿಯಾಗಿ 1,852 ಮೀಟರೆಂದು ನಿಶ್ಚಯಿಸಿತು.

ಹಡಗಿನ ವೇಗವನ್ನು 'ನಾಟ್'ಗಳಲ್ಲಿ ಹೇಳುವುದನ್ನು ವಾಚಕರು ಕೇಳಿರಬಹುದು. 'ನಾಟ್' ಎಂದರೆ ಗಂಟು. ಹಗ್ಗಕ್ಕೆ ಸಮದೂರದಲ್ಲಿ ಗಂಟುಗಳನ್ನು ಹಾಕಿ, ತುದಿಗೆ ಮರದ ಹಲಗೆ ಕಟ್ಟಿ ಕಡಲಿಗೆ ಬಿಡುತ್ತಿದ್ದರು. ಮರಳುಗಡಿಯಾರದ ಮರಳು ಇಳಿದು ಮುಗಿಯುವುದರೊಳಗೆ ಎಷ್ಟು ಗಂಟುಗಳು ಕೈಯಿಂದ ಜಾರಿಹೋದುವೋ ಗಂಟೆಗೆ ಅಷ್ಟು ನಾಟಿಕಲ್ ಮೈಲಿ ವೇಗ. ಇಂದಿನ ವಿಮಾನಗಳ ವೇಗವನ್ನು ಹೇಳುವಾಗಲೂ ಹಗ್ಗದ ಆ ಗಂಟುಗಳು ಬಿಚ್ಚಿಲ್ಲ.

ನೆಲದ ಮೈಲಿಗೂ ಕಡಲ ಮೈಲಿಗೂ ಇರುವ ಅಂತರ ಬರಿಯ ಪುಸ್ತಕದ ಮಾತಲ್ಲ. 1976ರ ಕಾಯಿದೆಯ ಪ್ರಕಾರ ಭಾರತದ ಪ್ರಾದೇಶಿಕ ಸಮುದ್ರ ಕರೆಯಿಂದ ಹನ್ನೆರಡು ನಾಟಿಕಲ್ ಮೈಲಿಗಳವರೆಗೆ ಹಬ್ಬಿದೆ. ಮೀನು, ಖನಿಜಗಳ ಮೇಲಿನ ವಿಶೇಷ ಹಕ್ಕು ಇನ್ನೂರು ನಾಟಿಕಲ್ ಮೈಲಿಗಳವರೆಗೆ. ಇದನ್ನು ನೆಲದ ಮೈಲಿಯೆಂದು ತಿಳಿದು ಲೆಕ್ಕ ಹಾಕಿದರೆ ಹನ್ನೆರಡರಲ್ಲಿ ಸುಮಾರು ಮೂರು ಕಿಲೋಮೀಟರು, ಇನ್ನೂರರಲ್ಲಿ ಸುಮಾರು ನಲವತ್ತೆಂಟು ಕಿಲೋಮೀಟರು ಕಡಲು ಕೈಬಿಡುತ್ತದೆ. ಕಾರವಾರ, ಮಲ್ಪೆ, ಮಂಗಳೂರುಗಳಿಂದ ಬಲೆ ಹೊತ್ತು ಹೋಗುವವರ ಪಾಲಿಗೆ ಅದು ಅನ್ನದ ಪ್ರಶ್ನೆ.

ನ್ಯೂಟನ್ನನ ಪ್ರಸಂಗವೊಂದನ್ನು ಇಲ್ಲಿ ಹೇಳಬೇಕು. ಪ್ಲೇಗಿನ ದಿನಗಳಲ್ಲಿ ಕೇಂಬ್ರಿಜನ್ನು ಬಿಟ್ಟು ತನ್ನ ಹಳ್ಳಿಯಲ್ಲಿದ್ದಾಗ ಅವನು ಚಂದ್ರನನ್ನು ಹಿಡಿದಿಟ್ಟಿರುವ ಬಲವೂ ಹಣ್ಣನ್ನು ಕೆಳಗೆಳೆಯುವ ಬಲವೂ ಒಂದೆಯೆ ಎಂದು ಲೆಕ್ಕ ಹಾಕಿ ನೋಡಿದನಷ್ಟೆ. ಅದಕ್ಕೆ ಭೂಮಿಯ ಗಾತ್ರ ಬೇಕಾಗಿತ್ತು. ಕೈಯಲ್ಲಿ ಬೇರೆ ಪುಸ್ತಕವಿಲ್ಲದೆ, ನಾವಿಕರಲ್ಲಿ ಬಳಕೆಯಲ್ಲಿದ್ದಂತೆ ಡಿಗ್ರಿಗೆ ಅರುವತ್ತು ಮೈಲಿ ಎಂದಿಟ್ಟುಕೊಂಡು ಅದನ್ನು ನೆಲದ ಮೈಲಿಯೆಂದೇ ಗಣಿಸಿದ, ಲೆಕ್ಕ ತಾಳೆಯಾಗಲಿಲ್ಲ, ಬರೆದುದನ್ನು ಬದಿಗಿಟ್ಟ. ಹೀಗೆಂದು ಅವನ ವೃದ್ಧಾಪ್ಯದ ಒಡನಾಡಿ ಪೆಂಬರ್ಟನ್ 1728ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ನೆಲದ ಮೈಲಿಯಲ್ಲಿ ಡಿಗ್ರಿಗೆ ಸುಮಾರು 69 ಆಗಬೇಕಾಗಿತ್ತು. ಗುರುತ್ವಸಿದ್ಧಾಂತ ತಡವಾಗಿ ಹೊರಬಂದುದಕ್ಕೆ ಬೇರೆ ಕಾರಣಗಳನ್ನೂ ವಿದ್ವಾಂಸರು ಹೇಳುತ್ತಾರೆ. ಆದರೂ ಅಂಥ ಮೇಧಾವಿಯೂ ಒಂದು ಪದವನ್ನು ನಂಬಿ ಎಡವಬಹುದಾಗಿತ್ತೆಂಬುದು ಗಮನಿಸತಕ್ಕದ್ದು.

ನಮ್ಮ ಹರದಾರಿ, ನಮ್ಮ ಗಾವುದ

ಮೈಲಿ ಬರುವುದಕ್ಕೆ ಮುಂಚೆ ನಮ್ಮವರು ದೂರವನ್ನು ಅಳೆಯುತ್ತಿರಲಿಲ್ಲವೆ? ಧಾರಾಳವಾಗಿ ಅಳೆಯುತ್ತಿದ್ದರು. ಗೇಣು, ಮೊಳ, ಮಾರುಗಳೆಲ್ಲ ಮೈಗೆ ಅಂಟಿಕೊಂಡ ಅಳತೆಗಳು. ಹೆಚ್ಚಿನ ದೂರಕ್ಕೆ ಹರದಾರಿ, ಗಾವುದ, ಯೋಜನಗಳಿದ್ದುವು. ಹರದಾರಿ ಎಂದರೆ ಸುಮಾರು ಮೂರು ಮೈಲಿ, ಗಾವುದವೆಂದರೆ ಸುಮಾರು ಹನ್ನೆರಡು ಮೈಲಿ ಎಂದು ಸಾಮಾನ್ಯವಾಗಿ ಹೇಳುವುದುಂಟು. ರೋಮನರು ಹೆಜ್ಜೆಯನ್ನು ಎಣಿಸಿದರೆ ನಮ್ಮ ಹಿಂದಿನವರು ಕಿವಿಯನ್ನೂ ಎತ್ತನ್ನೂ ನಂಬಿದರು. ಸಂಸ್ಕೃತದ 'ಕ್ರೋಶ' ಎಂದರೆ ಕೂಗು. ಕೂಗು ಕೇಳುವಷ್ಟು ದೂರ. ಉತ್ತರ ಹಿಂದೂಸ್ಥಾನದ 'ಕೋಸ್' ಅದರಿಂದ ಬಂದುದು. ನಮ್ಮ 'ಕೂಗಳತೆ' ಎಂಬ ಸುಂದರವಾದ ಮಾತಿನಲ್ಲಿಯೂ ಅದೇ ಭಾವವಿದೆ. 'ಯೋಜನ' ಎಂದರೆ ನೊಗಕ್ಕೆ ಹೂಡುವುದು. ಒಮ್ಮೆ ಹೂಡಿದ ಎತ್ತುಗಳನ್ನು ಬಿಚ್ಚುವವರೆಗೆ ಸಾಗುವ ದಾರಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಗೋರುತ' ಎಂಬ ಅಳತೆ ಇದೆ. ಗೋವಿನ ಅಂಬಾ ಎಂಬ ದನಿ ಕೇಳಿಸುವಷ್ಟು ದೂರ. ನಾಲ್ಕು ಗೋರುತಕ್ಕೆ ಒಂದು ಯೋಜನ. ಬಹುಕಾಲ ಕಣ್ಮರೆಯಾಗಿದ್ದ ಆ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮವರೇ ಆದ ಆರ್. ಶಾಮಾಶಾಸ್ತ್ರಿಗಳೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ.

ಈ ಅಳತೆಗಳಲ್ಲಿ ಜೀವವಿತ್ತು. ಆದರೆ ನಿಖರತೆ ಇರಲಿಲ್ಲ. ಬೆಟ್ಟದ ಸೀಮೆಯ ಕೂಗೇ ಬೇರೆ, ಬಯಲಿನ ಕೂಗೇ ಬೇರೆ. ಒಂದೇ ಹೆಸರಿನ ಅಳತೆ ಸೀಮೆ ದಾಟಿದೊಡನೆ ಬದಲಾಗುತ್ತಿತ್ತು. ಬಂಡಿ ಬಾಡಿಗೆಯವನಿಗೂ ಸಾಮಾನು ಕಳುಹಿಸುವವನಿಗೂ ಜಗಳ ತಪ್ಪಿದ್ದಲ್ಲ.

ಇಂಗ್ಲಿಷ್ ಮೈಲಿ ನಮ್ಮಲ್ಲಿಗೆ ಬಂದುದು ಬರಿಯ ಮಾತಾಗಿ ಅಲ್ಲ. ಉಕ್ಕಿನ ಸರಪಣಿಯನ್ನು ಹಿಡಿದು ಬಂದಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆಂಗ್ಲ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ದಕ್ಷಿಣ ಭಾರತವನ್ನು ಕರಾವಳಿಯಿಂದ ಕರಾವಳಿಗೆ ತ್ರಿಕೋನಗಳ ಮೂಲಕ ಅಳೆಯುವ ಯೋಜನೆ ಹಾಕಿದ. ಅದಕ್ಕಾಗಿ 1800ರಲ್ಲಿ ಮೊದಲು ಆಧಾರರೇಖೆಯೊಂದನ್ನು ಅಳೆದು ನೋಡಿದುದು ಬೆಂಗಳೂರಿನ ಬಳಿಯಲ್ಲಿ. ಆಮೇಲೆ 1802ರ ಏಪ್ರಿಲಿನಲ್ಲಿ ಮದರಾಸಿನ ಪರಂಗಿಮಲೆಯ ಹತ್ತಿರ ಏಳೂವರೆ ಮೈಲಿಯ ಆಧಾರರೇಖೆಯನ್ನು ಆರಂಭಿಸಿದ. ನೂರಡಿಯ ಉಕ್ಕಿನ ಸರಪಣಿಯನ್ನು ಸುಮಾರು ನಾನೂರು ಸಲ ಹಾಸಿ, ಬಿಸಿಲಿನ ಕಾವಿಗೆ ಉಕ್ಕು ಎಷ್ಟು ಹಿಗ್ಗಿತೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು, ತಿಂಗಳೊಪ್ಪತ್ತಿಗೂ ಮೀರಿದ ಕಾಲ ದುಡಿದು ಅಳೆದರು. ಆ ಸರಪಣಿಗೂ ಒಂದು ಕಥೆಯಿದೆ: ಅದು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಬೇಡವೆನಿಸಿಕೊಂಡು ಭಾರತಕ್ಕೆ ಬಂದುದು. ಅಲ್ಲಿಂದ ಮುಂದೆ ಬೆಳೆದ ಮಹಾಮಾಪನ ಹಿಮಾಲಯದ ಶಿಖರಗಳವರೆಗೂ ಮುಟ್ಟಿತು. ಒಂದು ಮೈಲಿ ನೆಲವನ್ನು ಒಂದು ಅಂಗುಲದಲ್ಲಿ ತೋರಿಸುವ ಭೂಪಟಗಳು ತಯಾರಾದುವು. ಆಳುವವರಿಗೆ ಕಂದಾಯದ ಲೆಕ್ಕ ಗಟ್ಟಿಯಾಯಿತು; ದಂಡಿನ ದಾರಿ ಸುಗಮವಾಯಿತು. ಹರದಾರಿ, ಗಾವುದಗಳು ಕಾವ್ಯಕ್ಕೂ ಗಾದೆಗೂ ಸರಿದುಹೋದುವು.

ಮೈಲಿಯ ಸರದಿ

ಹರದಾರಿಗೆ ಬಂದ ಗತಿ ಮುಂದೆ ಮೈಲಿಗೂ ಬಂದಿತು. ಸ್ವತಂತ್ರ ಭಾರತದ ಪಾರ್ಲಿಮೆಂಟು 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯನ್ನು ಒಪ್ಪಿ ಮೆಟ್ರಿಕ್ ಪದ್ಧತಿಗೆ ಬಾಗಿಲು ತೆರೆಯಿತು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಿತು. 1958ರ ಅಕ್ಟೋಬರಿನಿಂದ ಕಿಲೋಗ್ರಾಮಿನ ತೂಕಗಳು ಅಂಗಡಿಯ ತಕ್ಕಡಿಯನ್ನೇರತೊಡಗಿದುವು. ಪಾವು, ಸೇರು, ಮಣಗಳ ಜೊತೆಯಲ್ಲಿ ಮೈಲಿಯೂ ಹಿಂದೆ ಸರಿಯಿತು. ನಾಡಿಗೊಂದು, ಸೀಮೆಗೊಂದು ಅಳತೆಯಿದ್ದ ದೇಶಕ್ಕೆ ಒಂದೇ ಅಳತೆ ಬಂದುದರಿಂದ ಬಡ ಗಿರಾಕಿಗೆ ಆದ ಉಪಕಾರ ಸಣ್ಣದೇನಲ್ಲ.

ಇಂಗ್ಲಿಷ್ ಮಾತಾಡುವ ದೇಶಗಳಲ್ಲಿಯೇ ಮೈಲಿಗಳ ನಡುವೆ ಕೂದಲೆಳೆಯ ವ್ಯತ್ಯಾಸಗಳಿದ್ದುವು. 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಗಳು ಕೂಡಿ ಗಜಕ್ಕೆ 0.9144 ಮೀಟರೆಂದು ಒಪ್ಪಿದುವು. ಅದರಿಂದ ಮೈಲಿಗೆ ಸರಿಯಾಗಿ 1,609.344 ಮೀಟರಾಯಿತು. ಆದರೂ ಅಮೆರಿಕದ ಭೂಮಾಪಕರು ಮೂರು ಮಿಲಿಮೀಟರು ಹೆಚ್ಚಿದ್ದ ತಮ್ಮ ಹಳೆಯ ಮೈಲಿಯನ್ನು ಬಿಟ್ಟಿರಲಿಲ್ಲ. ಅದಕ್ಕೆ ಅಧಿಕೃತವಾಗಿ ವಿದಾಯ ಹೇಳಿದುದು 2022ರ ಕೊನೆಯಲ್ಲಿ. ಐರ್ಲೆಂಡು 2005ರಲ್ಲಿ ರಸ್ತೆಗಳ ವೇಗಮಿತಿಯನ್ನು ಕಿಲೋಮೀಟರಿಗೆ ಬದಲಾಯಿಸಿತು. ಬ್ರಿಟನ್, ಅಮೆರಿಕಗಳ ರಸ್ತೆಗಳಲ್ಲಿ ಮೈಲಿಯ ದರ್ಬಾರು ಇನ್ನೂ ನಡೆದಿದೆ. ಅಲ್ಲಿ ನೆಲಸಿರುವ ನಮ್ಮ ಮಕ್ಕಳು ಫೋನಿನಲ್ಲಿ "ಆಫೀಸು ಮೂವತ್ತು ಮೈಲಿ" ಎಂದರೆ ಇಲ್ಲಿಯ ತಾಯಂದಿರು ಅದನ್ನು ನಲವತ್ತೆಂಟು ಕಿಲೋಮೀಟರೆಂದು ತಿಳಿಯಬೇಕು.

ಆಟದ ಬಯಲಿನಲ್ಲಿಯೂ ಮೈಲಿಯ ಮಾನ ಹೋಗಿಲ್ಲ. ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡುವುದು ಮನುಷ್ಯಮಾತ್ರದವರಿಗೆ ಅಸಾಧ್ಯವೆಂದು ಬಹಳ ಜನ ನಂಬಿದ್ದ ಕಾಲದಲ್ಲಿ, 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ರೋಜರ್ ಬ್ಯಾನಿಸ್ಟರ್ ಎಂಬ ವೈದ್ಯವಿದ್ಯಾರ್ಥಿ 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿ ಮುಗಿಸಿದ. ಅದೇ ತಿಂಗಳ 29ರಂದು ಡಯೇನ್ ಲೆದರ್ ಐದು ನಿಮಿಷದೊಳಗೆ ಮೈಲಿ ಓಡಿದ ಮೊದಲ ಮಹಿಳೆಯಾದಳು. ಅವಳ ಹೆಸರು ಬ್ಯಾನಿಸ್ಟರನಷ್ಟು ಪ್ರಸಿದ್ಧವಾಗದಿದ್ದುದು ಖೇದಕರ. ಮೊರಾಕೊದ ಹಿಶಾಮ್ ಎಲ್ ಗರೂಜ್ 1999ರಲ್ಲಿ 3 ನಿಮಿಷ 43.13 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ. ಆ ಓಟ ನಡೆದುದೆಲ್ಲಿ ಗೊತ್ತೆ? ಸಾವಿರ ಹೆಜ್ಜೆಯ ಲೆಕ್ಕ ಹುಟ್ಟಿದ ಆ ರೋಮ್ ನಗರದಲ್ಲಿಯೇ!

ಒಟ್ಟಿನಲ್ಲಿ ನೋಡಿದರೆ ಮಾತು ಬೇರೆ, ಅಳತೆ ಬೇರೆ. ಮಾತನ್ನು ಒಬ್ಬರಿಂದೊಬ್ಬರು ಸುಲಭವಾಗಿ ಕಲಿಯುತ್ತಾರೆ. ಅದರ ಹಿಂದಿರುವ ಅಳತೆ ಅಷ್ಟು ಸುಲಭವಾಗಿ ಕೈ ಬದಲಾಯಿಸುವುದಿಲ್ಲ. ಮೈಲಿಯ ವಿಷಯದಲ್ಲಿ ಕೊಲಂಬಸನಿಗೆ ಆದುದು ಸೇರಿನ ವಿಷಯದಲ್ಲಿ ನಮ್ಮ ಸಂತೆಗಳಲ್ಲಿ ಎಷ್ಟೋ ಮಂದಿಗೆ ಆಗಿದೆ. ಚದರ, ಗುಂಟೆಗಳ ಲೆಕ್ಕ ತಿಳಿಯದೆ ನಿವೇಶನ ಕೊಳ್ಳುವವರಿಗೆ ಇಂದೂ ಆಗುತ್ತಿದೆ. ದೂರವಾಗಲಿ, ತೂಕವಾಗಲಿ, ಬಡ್ಡಿಯ ದರವಾಗಲಿ, ಒಪ್ಪಂದಕ್ಕೆ ಕೈಹಾಕುವ ಮೊದಲು ಯಾರ ಅಳತೆಯಿಂದ ಅಳೆದುದೆಂದು ಕೇಳಿ ತಿಳಿಯುವುದು ಜಾಣತನ. ಅಳತೆಯ ವ್ಯವಹಾರಕ್ಕೆ ಕಿಲೋಮೀಟರ್ ಇರಲಿ. ಮೈಲಿಯನ್ನೂ ಅದಕ್ಕೆ ಹಿಂದಿನ ಹರದಾರಿ, ಗಾವುದ, ಕೂಗಳತೆಗಳನ್ನೂ ಮಾತಿನಲ್ಲಿ ಉಳಿಸಿಕೊಂಡರೆ ನಷ್ಟವೇನೂ ಇಲ್ಲ. ಮನುಷ್ಯ ತನ್ನ ಕಾಲನ್ನು, ಕಿವಿಯನ್ನು, ತನ್ನ ಜೊತೆ ದುಡಿದ ಎತ್ತನ್ನು ನಂಬಿ ಭೂಮಿಯನ್ನು ಅಳೆಯಹೊರಟ ಕಾಲದ ನೆನಪು ಆ ಮಾತುಗಳಲ್ಲಿದೆ.